ಬಂಡಿಯ ಹೊಟ್ಟೆಯ ಕವಚ

ಮೋಟಾರು ಬಂಡಿಯ ಇಂಜಿನ್ನಿನ ಕೆಳಗೆ, ಕಲ್ಲುಗಳ ಪೆಟ್ಟು ತಗಲದಂತೆ ಬಿಗಿಯುವ ದಪ್ಪ ಲೋಹದ ಹಾಳೆಗೆ ಕನ್ನಡದಲ್ಲಿ ಏನೆನ್ನಬೇಕು? ಪಂಡಿತ ಪರೀಕ್ಷೆಗೆ ಓದಿದವನಾದುದರಿಂದ ನನಗೆ ಮೊದಲು ಹೊಳೆದುದು ಈ ಪ್ರಶ್ನೆ. 'ಅಡಿಗವಚ' ಎಂದುಕೊಂಡೆ. ಕಿವಿಗೆ ಗಂಭೀರವಾಗಿಯೇ ಕೇಳಿಸಿತು. ಆದರೆ 'ಅಡಿ' ಎಂಬುದು ಅಚ್ಚಗನ್ನಡ, 'ಕವಚ' ಎಂಬುದು ಸಂಸ್ಕೃತ. ಎರಡನ್ನೂ ಬೆಸೆದರೆ ಅರಿಸಮಾಸವಾಯಿತು ಎಂದು ನನ್ನ ಗುರುಗಳು ಕಿವಿ ಹಿಂಡುತ್ತಿದ್ದರು. ನಮ್ಮ ಕಡೆಯ ಮೆಕ್ಯಾನಿಕ್ಕುಗಳಿಗೆ ಈ ತೊಡಕು ಯಾವುದೂ ಇಲ್ಲ. ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯನ್ನು ಅವರು 'ಚೇಂಬರು' ಎನ್ನುತ್ತಾರೆ. ಅದನ್ನು ಕಾಯುವ ತಗಡನ್ನು 'ಗಾರ್ಡು' ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಶಾಸ್ತ್ರ ಒಪ್ಪದಿದ್ದರೂ ಲೋಕ ಒಪ್ಪಿದ ಮಾತು. ನಾನೂ ಇಲ್ಲಿ ಅದನ್ನೇ ಬಳಸುತ್ತೇನೆ. ನಡುನಡುವೆ 'ಕವಚ' ಎಂದು ಬಾಯಿತಪ್ಪಿ ಬಂದರೆ ಓದುವವರು ಮನ್ನಿಸಬೇಕು.

ಕನ್ನಡ ಮೇಷ್ಟರಿಗೆ ಗಾರ್ಡಿನ ಉಸಾಬರಿ ಏಕೆ ಬಂತು ಎಂದು ಕೇಳುವುದು ಸಹಜ. ಅದಕ್ಕೆ ಕಾರಣ 2008ರ ವಿಧಾನಸಭಾ ಚುನಾವಣೆ. ಮೇ ತಿಂಗಳು. ಮಲೆನಾಡಿನ ಮೂಲೆಯ ಒಂದು ಮತಗಟ್ಟೆಗೆ ನನ್ನನ್ನು ನೇಮಿಸಿದ್ದರು. ಮತಯಂತ್ರದ ಪೆಟ್ಟಿಗೆಗಳು, ನಾವು ನಾಲ್ವರು ಸಿಬ್ಬಂದಿ, ಒಬ್ಬ ಪೋಲೀಸಿನವರು, ಇಷ್ಟನ್ನೂ ಹೊತ್ತ ಬಾಡಿಗೆಯ ಜೀಪು ಸಂಜೆ ಕಾಫಿ ತೋಟಗಳ ನಡುವಣ ಮಣ್ಣುದಾರಿಗೆ ಇಳಿಯಿತು. ಹಿಂದಿನ ದಿನ ಮಳೆಯಾಗಿತ್ತು. ಗಾಲಿಗಳು ಕೊರೆದ ಎರಡು ಹಳ್ಳಗಳ ನಡುವೆ ದಾರಿಯ ಬೆನ್ನು ಎದ್ದು ನಿಂತಿತ್ತು. ಆ ಬೆನ್ನಿನಲ್ಲಿ ಅಡಗಿದ್ದ ಕಲ್ಲೊಂದು ನಮ್ಮ ಪಾದದಡಿಯಲ್ಲಿ 'ಧಡ್' ಎಂದಿತು. ಹತ್ತು ಮಾರು ಹೋಗುವಷ್ಟರಲ್ಲಿ ಡ್ರೈವರು ಕೀಲಿ ತಿರುಗಿಸಿ ಇಂಜಿನ್ನು ನಿಲ್ಲಿಸಿಬಿಟ್ಟ. "ಆಯಿಲ್ ಮೀಟ್ರು ಮುಳ್ಳು ಮಲ್ಗೋಯ್ತು ಮೇಷ್ಟ್ರೇ, ಚೇಂಬರ್ ಹೋಯ್ತು" ಎಂದ. "ಗಾರ್ಡು ಇರಲಿಲ್ಲವೇನಪ್ಪ?" ಎಂದು ನಮ್ಮಲ್ಲಿ ತಿಳಿದವರೊಬ್ಬರು ಕೇಳಿದರು. ಇತ್ತು. ಹಿಂದಿನ ಸೀಟಿನ ಕೆಳಗೆ ಇತ್ತು. ವಾರದ ಹಿಂದೆ ಎಣ್ಣೆ ಬದಲಿಸಿದ ವರ್ಕ್‌ಶಾಪಿನವರು ಅದನ್ನು ಬಿಚ್ಚಿ, ತಿರುಗಿ ಹಾಕದೆ, ಬೋಲ್ಟುಗಳನ್ನು ಕಳೆದು, ಬಂಡಿಯೊಳಗೇ ಎಸೆದು ಕಳುಹಿಸಿದ್ದರು. ಕವಚವನ್ನು ದಾನ ಕೊಟ್ಟ ಕರ್ಣನ ರಥವನ್ನು ಕೊನೆಗೆ ನೆಲವೇ ಹಿಡಿದುಕೊಂಡ ಕಥೆಯನ್ನು ಇಪ್ಪತ್ತು ವರ್ಷ ಪಾಠ ಹೇಳಿದ್ದೆ. ಅದರ ಅರ್ಥ ಆ ಸಂಜೆ ಇನ್ನೊಂದು ಬಗೆಯಾಗಿ ತಿಳಿಯಿತು.

ಆ ರಾತ್ರಿ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅಂದು ಹುಟ್ಟಿದ ಕುತೂಹಲ ಮಾತ್ರ ನನ್ನನ್ನು ಬಹಳ ದೂರ, ಆಫ್ರಿಕಾ ಖಂಡದ ಪೂರ್ವ ತೀರದವರೆಗೆ ಕರೆದೊಯ್ದಿತು.

ಮೊದಲು ಈ ಹೊಟ್ಟೆಯ ವಿಷಯ. ನಮ್ಮ ಎತ್ತಿನ ಗಾಡಿಗೆ ಹೊಟ್ಟೆಯೇ ಇಲ್ಲ. ಎರಡು ಗಾಲಿ, ನಡುವೆ ಅಚ್ಚು, ಮೇಲೆ ಹಲಗೆ. ಅಚ್ಚಿಗೆ ಬೇಕಾದ ಎಣ್ಣೆ ಹಿಂದೆ ನೇತಾಡುವ ಬಿದಿರಿನ ಗೊಟ್ಟದಲ್ಲಿ. ಕೆಳಗೆ ಕಲ್ಲಿಗೆ ಸಿಕ್ಕುವಂಥದು ಏನೂ ಇಲ್ಲ. ಮೋಟಾರಿನಲ್ಲಾದರೋ ಎಣ್ಣೆಯ ತೊಟ್ಟಿ ಇಂಜಿನ್ನಿನ ತೀರ ಅಡಿಯಲ್ಲಿರುತ್ತದೆ, ಏಕೆಂದರೆ ಮೇಲಿನಿಂದ ಸೋರಿದ ಎಣ್ಣೆ ತನ್ನಷ್ಟಕ್ಕೆ ಅಲ್ಲಿಗೆ ಇಳಿಯಬೇಕು; ಅಲ್ಲಿಂದ ಪಂಪು ಅದನ್ನು ಮತ್ತೆ ಮೇಲೆತ್ತಿ ತಿರುಗುವ ಭಾಗಗಳಿಗೆಲ್ಲ ಉಣಿಸಬೇಕು. ತೊಟ್ಟಿಗೆ ತೂತು ಬಿದ್ದರೆ ಎಣ್ಣೆ ದಾರಿಯ ಪಾಲು. ಎಣ್ಣೆಯಿಲ್ಲದೆ ಇಂಜಿನ್ನು ಕೆಲವು ನಿಮಿಷ ಓಡಿದರೂ ಸಾಕು, ಬೇರಿಂಗುಗಳು ಕಾದು, ಸವೆದು, ಕಚ್ಚಿಕೊಂಡುಬಿಡುತ್ತವೆ. ಗೇಣುದ್ದದ ಒಂದು ಕಲ್ಲಿನಿಂದ ಸಾವಿರಾರು ರೂಪಾಯಿಯ ಯಂತ್ರ ಹಾಳು. ನಮ್ಮ ಡ್ರೈವರು ಆ ಕ್ಷಣವೇ ಕೀಲಿ ತಿರುಗಿಸಿದ್ದು ಎಂಥ ಬುದ್ಧಿವಂತಿಕೆ ಎಂಬುದು ನನಗೆ ಆಮೇಲೆ ತಿಳಿಯಿತು.

ಹಳೆಯ ಕಾಲದ ಮೋಟಾರುಗಳಿಗೆ ಈ ಕಷ್ಟ ಅಷ್ಟಾಗಿ ಇರಲಿಲ್ಲ. 1908ರಲ್ಲಿ ಬಂದ ಫೋರ್ಡಿನ 'ಟಿ' ಮಾದರಿಯನ್ನು ಅಮೆರಿಕದ ಹಳ್ಳಿಯ ದಾರಿಗಳಿಗೆಂದೇ ಎತ್ತರವಾಗಿ ಕಟ್ಟಿದ್ದರು. ಅದಕ್ಕೂ ಒಂದು ವರ್ಷ ಮುಂಚೆ, 1907ರಲ್ಲಿ, ಪೀಕಿಂಗಿನಿಂದ ಪ್ಯಾರಿಸ್ಸಿಗೆ ಮೋಟಾರಿನಲ್ಲಿ ಹೋದ ಇಟಲಿಯ ರಾಜಕುಮಾರ ಬೋರ್ಗೀಸ್ ತನ್ನ ಬಂಡಿಯ ಮಡ್‌ಗಾರ್ಡುಗಳನ್ನು ಉದ್ದನೆಯ ಪಟ್ಟಿಗಳಾಗಿ ಮಾಡಿಸಿದ್ದ. ಹಳ್ಳ ಎದುರಾದರೆ ಅವನ್ನೇ ಬಿಚ್ಚಿ ಸಂಕದಂತೆ ಹಾಸುವುದು ಅವನ ಉಪಾಯ. ಆಮೇಲೆ ಯೂರೋಪಿನಲ್ಲಿ ಡಾಮರು ರಸ್ತೆಗಳು ಬಂದವು. ರಸ್ತೆ ನುಣುಪಾದಂತೆಲ್ಲ ಬಂಡಿಗಳು ನೆಲದ ಕಡೆಗೆ ಬಾಗಿದವು. ಓಟಕ್ಕೂ ಚೆಲುವಿಗೂ ಅದೇ ಒಳ್ಳೆಯದು. ಹೀಗೆ ನುಣುಪು ರಸ್ತೆಗಾಗಿ ಹುಟ್ಟಿದ ಬಂಡಿಗಳನ್ನು ಹಡಗಿಗೆ ಹೇರಿ, ರಸ್ತೆಯೇ ಇಲ್ಲದ ನಾಡುಗಳಿಗೆ ಮಾರಲು ಕಳುಹಿಸಿದಾಗ ತೊಂದರೆ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚಾಗಿ ತಯಾರಾದ ಜೀಪಿನಲ್ಲಿ ಗೇರುಪೆಟ್ಟಿಗೆಯ ಅಡಿಗೆ ಹುಟ್ಟುವಾಗಲೇ ಒಂದು ಜಾರುಹಲಗೆಯನ್ನು ಇಟ್ಟಿದ್ದರು. ಅದು ಸೈನ್ಯದ ಬಂಡಿ. ಸಂಸಾರಸ್ಥರು ಕೊಳ್ಳುವ ಕಾರಿಗೆ ಅಂಥದು ಇರಲಿಲ್ಲ.

ಆ ಕಾರುಗಳ ನಿಜವಾದ ಪರೀಕ್ಷೆ ನಡೆದುದು ಪೂರ್ವ ಆಫ್ರಿಕಾದಲ್ಲಿ. 1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆಪದಲ್ಲಿ ಅಂದಿನ ಕೀನ್ಯಾ, ಉಗಾಂಡಾ, ಟಾಂಗನ್ಯೀಕಾ ಎಂಬ ಮೂರು ನಾಡುಗಳನ್ನು ಸುತ್ತಿ ಬರುವ ಒಂದು ಮೋಟಾರು ಪಂದ್ಯವನ್ನು ನೈರೋಬಿಯಲ್ಲಿ ಹೂಡಿದರು. ಅದಕ್ಕೆ 'ಕಾರೊನೇಷನ್ ಸಫಾರಿ' ಎಂದು ಹೆಸರು. 1960ರಿಂದ 'ಈಸ್ಟ್ ಆಫ್ರಿಕನ್ ಸಫಾರಿ' ಎಂದಾಯಿತು. ಮುಂದೆ ಇದನ್ನು ಈಸ್ಟರ್ ಹಬ್ಬದ ರಜೆಯಲ್ಲಿ ನಡೆಸುವ ವಾಡಿಕೆ ಬಿತ್ತು. ಅದು ಅಲ್ಲಿ ಮಳೆಗಾಲ ತೊಡಗುವ ಹೊತ್ತು. ಬೆಳಿಗ್ಗೆ ಮೂಗು ಮುಚ್ಚುವ ಧೂಳು, ಸಂಜೆ ಅಚ್ಚಿನವರೆಗೆ ಕೆಸರು. ಸಾವಿರಾರು ಮೈಲಿ, ಹಗಲು ರಾತ್ರಿ, ಗೊತ್ತಾದ ಠಾಣೆಗೆ ಗೊತ್ತಾದ ಹೊತ್ತಿಗೆ ಮುಟ್ಟಬೇಕು. ತಡವಾದ ಒಂದೊಂದು ನಿಮಿಷಕ್ಕೂ ದಂಡ.

ಅಲ್ಲಿಯ ಮಣ್ಣಿನ ಹೆಸರು ಕೇಳಿದರೆ ನಮ್ಮ ಧಾರವಾಡ, ಬಿಜಾಪುರ, ರಾಯಚೂರು ಸೀಮೆಯವರಿಗೆ ಆಶ್ಚರ್ಯವಾದೀತು. ನೈರೋಬಿಯ ಬಳಿಯ ಆಥಿ ಬಯಲಿನ ಕರಿಯ ಜಿಗುಟು ಮಣ್ಣನ್ನು ಅವರು 'ಬ್ಲ್ಯಾಕ್ ಕಾಟನ್ ಸಾಯಿಲ್' ಎನ್ನುತ್ತಾರೆ. ಹತ್ತಿ ಬೆಳೆಯುವ ನಮ್ಮ ದಖ್ಖನದ ಎರೆಗೆ ಬ್ರಿಟಿಷರು ಇಟ್ಟ ಹೆಸರು ಕಡಲು ದಾಟಿ ಹೋಗಿ ಅಲ್ಲಿ ಅಂಟಿಕೊಂಡಿದೆ. ಮಣ್ಣಿನ ಗುಣವೂ ಅದೇ. ಬೇಸಗೆಯಲ್ಲಿ ಬಿರಿದು ಕೈ ತೂರುವಷ್ಟು ಬಾಯಿ ಬಿಡುತ್ತದೆ. ನೀರು ಬಿದ್ದರೆ ಉಬ್ಬಿ ಬೆಣ್ಣೆಯಾಗುತ್ತದೆ. ಎರೆಯ ಹೊಲದಲ್ಲಿ ಮಳೆಗೆ ಸಿಕ್ಕ ಎತ್ತಿನ ಗಾಡಿಯನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇಂಥ ಕಡೆ ಕಾರಿನ ಹೊಟ್ಟೆಗೆ ಆಗುವ ಗಾಯಗಳು ಒಂದೇ ಬಗೆಯವಲ್ಲ. ಚೂಪುಗಲ್ಲು ತೂತು ಮಾಡುತ್ತದೆ. ಹಳ್ಳದ ಅಂಚಿಗೆ ಬಂಡಿ ಬಿದ್ದರೆ ಇಡೀ ತೊಟ್ಟಿ ಒಳಕ್ಕೆ ಕುಗ್ಗಿ, ಎಣ್ಣೆ ಹೀರುವ ಕೊಳವೆಯ ಬಾಯಿ ಮುಚ್ಚುತ್ತದೆ. ಹೊರಗೆ ಒಂದು ಹನಿ ಸೋರದೆಯೇ ಇಂಜಿನ್ನು ಸಾಯುವುದು ಹೀಗೆ. ಎರಕದ ಅಲ್ಯೂಮಿನಿಯಮ್ ತೊಟ್ಟಿಯಾದರೆ ಮಡಕೆಯಂತೆ ಬಿರಿಯುತ್ತದೆ. ಆದುದರಿಂದ ಪಂದ್ಯಕ್ಕೆ ಹೋಗುವವರು ಮುಂದಿನ ಅಚ್ಚಿನಿಂದ ಗೇರುಪೆಟ್ಟಿಗೆಯವರೆಗೆ ದಪ್ಪ ಹಾಳೆಯನ್ನು, ಮುಂತುದಿ ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿದ್ದನ್ನು, ಬಿಗಿಸತೊಡಗಿದರು. ಕಲ್ಲು ಬಡಿದರೆ ಬಂಡಿ ಅದರ ಮೇಲೆ ಜಾರಿ ದಾಟಬೇಕು. ಗಾರ್ಡು ಕಲ್ಲನ್ನು ಎದುರಿಸಿ ನಿಲ್ಲುವ ಗೋಡೆಯಲ್ಲ, ಜಾರುಬಂಡೆ. ಈ ಮಾತು ಹೊಳೆಯುವ ಮೊದಲು ಹಲವರು ಗೋಡೆಯಂಥದನ್ನೇ ಕಟ್ಟಿ, ಬಂಡಿಯ ಚೌಕಟ್ಟನ್ನೇ ಮುರಿದುಕೊಂಡಿರಬೇಕು.

ಕವಚ ತೊಟ್ಟರೆ ತೀರಿತೇ? ಅಲ್ಲಿಂದ ಬೇರೆ ಕಷ್ಟಗಳು. ಹಾಳೆ ತೊಟ್ಟಿಗೆ ತಾಗಿಕೊಂಡಿದ್ದರೆ ಪೆಟ್ಟು ನೇರವಾಗಿ ತೊಟ್ಟಿಗೇ ಹೋಗುತ್ತದೆ. ಆದುದರಿಂದ ನಡುವೆ ಎರಡು ಬೆರಳಾದರೂ ಎಡೆ ಬೇಕು. ಎಡೆ ಬಿಟ್ಟರೆ ಅದರಲ್ಲಿ ಕೆಸರು ಸೇರುತ್ತದೆ. ಇಂಜಿನ್ನಿನ ಕಾವಿಗೆ ಒಣಗಿ ಇಟ್ಟಿಗೆಯಾಗುತ್ತದೆ. ತೊಟ್ಟಿಗೆ ಗಾಳಿ ತಗಲದೆ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ನೀರಾಗುತ್ತದೆ. ಹೀಗೆ ಕಲ್ಲಿನಿಂದ ಉಳಿಸಿದ್ದನ್ನು ಕಾವಿಗೆ ಒಪ್ಪಿಸಿದಂತೆ. ಗಾಳಿಗೆಂದು ಕಿಂಡಿ ಕೊರೆದರೆ ಹಾಳೆಯ ಬಲ ಕುಗ್ಗುತ್ತದೆ, ಕಿಂಡಿಯ ಅಂಚು ಕಲ್ಲಿಗೆ ಸಿಕ್ಕಿ ಹರಿಯುತ್ತದೆ. ಇನ್ನು ಬೋಲ್ಟು. ತಲೆ ಹೊರಗೆ ಚಾಚಿದ್ದರೆ ಹಾದಿಯ ಕಲ್ಲು ಅದನ್ನು ಅರೆದು ಸವೆಸಿ, ಸ್ಪ್ಯಾನರಿಗೆ ಹಿಡಿತ ಸಿಕ್ಕದಂತೆ ಮಾಡುತ್ತದೆ. ಒಳಗೆ ರಿಪೇರಿ ಬೇಕಾದಾಗ ಗಾರ್ಡನ್ನು ಬಿಚ್ಚುವುದಕ್ಕೇ ಉಳಿ ಹಿಡಿಯಬೇಕು. ಅದಕ್ಕೇ ಬೋಲ್ಟಿನ ತಲೆಗೆ ಗುಳಿ ತೋಡಿ ಒಳಗೆ ಅಡಗಿಸುವ ರೂಢಿ ಬಂತು. ಲೋಹದ ಆಯ್ಕೆಯಲ್ಲೂ ಜಗಳ: ಅಲ್ಯೂಮಿನಿಯಮ್ ಹಗುರ, ಆದರೆ ಸೀಳಿದರೆ ದಾರಿಯಲ್ಲಿ ಬೆಸೆಯುವುದು ಕಷ್ಟ. ಉಕ್ಕು ಭಾರ, ಆದರೆ ಬಾಗಿದ ಉಕ್ಕಿನ ಹಾಳೆಯನ್ನು ಯಾವ ಊರಿನ ಕುಲುಮೆಯಲ್ಲಾದರೂ ಕಾಯಿಸಿ ಬಡಿದು ನೇರಮಾಡಬಹುದು, ಬಿರುಕನ್ನು ಬೆಸೆಯಬಹುದು. ಊರಿಂದ ಊರಿಗೆ ನೂರು ಮೈಲಿ ಇರುವ ನಾಡಿನಲ್ಲಿ ಈ ಗುಣಕ್ಕೆ ಬೆಲೆ ಹೆಚ್ಚು ಎಂದು ನನ್ನ ಎಣಿಕೆ. ಇತ್ತೀಚಿನ ಪಂದ್ಯದ ಬಂಡಿಗಳಿಗೆ ಇಂಗಾಲದ ನಾರು, ಕೆವ್ಲಾರ್ ಮೊದಲಾದವುಗಳ ಹಗುರ ಕವಚಗಳೂ ಬಂದಿವೆ. ಅವು ಹಳ್ಳಿಯ ಕುಲುಮೆಗೆ ಒಗ್ಗುವ ವಸ್ತುಗಳಲ್ಲ.

ಗೆದ್ದವರ ಪಟ್ಟಿಯನ್ನು ಈ ಕಣ್ಣಿನಿಂದ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಮೊದಲ ಹತ್ತು ವರ್ಷಗಳಲ್ಲಿ ಫೋಕ್ಸ್‌ವ್ಯಾಗನ್ನಿನ ಸಣ್ಣ 'ಜೀರುಂಡೆ' ಕಾರು ಮತ್ತೆ ಮತ್ತೆ ಮೇಲೆ ಬಂತು; 1954, 1957, 1962ರಲ್ಲಿ ಗೆಲುವು ಅದರದೇ. ಅದರ ಅಡಿ ಬಾಣಲೆಯ ಹಾಗೆ ಚಪ್ಪಟೆ, ಇಂಜಿನ್ನು ಹಿಂದೆ. 1956ರಲ್ಲಿ ಗೆದ್ದುದು ಡಿ.ಕೆ.ಡಬ್ಲ್ಯು. ಎಂಬ ಜರ್ಮನ್ ಬಂಡಿ. ಓಡಿಸಿದವರು ಪಂದ್ಯದ ಮೂಲಪುರುಷರಲ್ಲೊಬ್ಬರಾದ ಎರಿಕ್ ಸೆಸಿಲ್. ಅದರದು ಎರಡು ಹೊಡೆತದ ಇಂಜಿನ್ನು. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವುದರಿಂದ ಅದಕ್ಕೆ ಎಣ್ಣೆಯ ತೊಟ್ಟಿಯೇ ಬೇಡ. ಒಡೆಯಲು ಚೇಂಬರೇ ಇಲ್ಲದವನಿಗೆ ಕಲ್ಲಿನ ಭಯವೇನು! ಸ್ವೀಡನ್ನಿನ ಸಾಬ್ ಕಾರೂ ಅದೇ ಜಾತಿ. ವಿಮಾನ ಕಟ್ಟುವವರು ಮಾಡಿದ ಬಂಡಿಯಾದುದರಿಂದ ಅಡಿಯೂ ನುಣುಪು. ಅದನ್ನು ಓಡಿಸುತ್ತಿದ್ದ ಎರಿಕ್ ಕಾರ್ಲ್‌ಸನ್ ಎಂಬ ಭಾರೀ ಆಳು ಒಮ್ಮೆ ಕೆಸರಿನ ಗುಂಡಿಯಲ್ಲಿ ಸಿಕ್ಕಿ, ಬಂಡಿಯನ್ನು ಬೇಕೆಂದೇ ಉರುಳಿಸಿ ಹೊರಗೆ ತಂದನೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಕೇಳಿದವರು ನಂಬದೆ ಇದ್ದಾಗ, ಇನ್ನೊಮ್ಮೆ ಉರುಳಿಸಿ ತೋರಿಸಿದನಂತೆ.

1963ರಲ್ಲಿ ಹೊರಟ ಬಂಡಿಗಳು 84. ನೈರೋಬಿಗೆ ಹಿಂದಿರುಗಿದವು ಏಳು. 1968ರ ಮಳೆಯಲ್ಲೂ ಮುಗಿಸಿದವರು ಏಳೇ ಮಂದಿ. ಎರಡು ಸಲವೂ ಮೊದಲು ಬಂದವನು ನಿಕ್ ನೊವಿಕಿ, ಎರಡು ಸಲವೂ ಪ್ಯೂಜೊ 404ರಲ್ಲಿ.

ಆದರೆ ನನ್ನ ಮನಸ್ಸು ನಿಲ್ಲುವುದು 1965ರ ಬಳಿ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುದಾರಿ ಹಾಕಿಸಿದರು. ಕರಾರಿನ ಮೇಲೆ ಭಾರತದಿಂದ ಹೋದ ಕೂಲಿಗಳು, ಕುಶಲಕರ್ಮಿಗಳು ಸುಮಾರು 32,000 ಮಂದಿ. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. ಕೆಲಸ ಮುಗಿದ ಮೇಲೆ ಬಹುಪಾಲು ಜನ ಹಿಂದಿರುಗಿದರೂ ಹಲವು ಸಾವಿರ ಮಂದಿ ಉಳಿದುಕೊಂಡರು. ಅವರ ಹಿಂದೆ ಇನ್ನಷ್ಟು ಜನ ಹೋದರು. ಪಂಜಾಬಿನ ಬಡಗಿಗಳು, ಕಮ್ಮಾರರು ಅಲ್ಲಿ ರೈಲಿನ ಕಾರ್ಖಾನೆಗಳಲ್ಲಿ ದುಡಿದರು. ಮೋಟಾರು ಬಂದಾಗ ಅದೇ ಕೈಗಳು ಗ್ಯಾರೇಜುಗಳಿಗೆ ಬಂದವು. ಸ್ವಾಹಿಲಿ ಭಾಷೆಯಲ್ಲಿ ಕುಶಲಕರ್ಮಿಗೆ 'ಫುಂಡಿ' ಎನ್ನುತ್ತಾರೆ. ಸಿಖ್ಖರಿಗೆ 'ಕಾಲಾಸಿಂಗ' ಎಂದೇ ಹೆಸರು ಬಿತ್ತು. ಭಾಷೆಯ ಮೇಷ್ಟರಿಗೆ ಇನ್ನೂ ಸಂತೋಷ ಕೊಡುವ ಸಂಗತಿಯೊಂದುಂಟು: ಸ್ವಾಹಿಲಿಯಲ್ಲಿ ಮೋಟಾರಿಗೆ 'ಗಾರಿ' ಎನ್ನುತ್ತಾರೆ, ಅಂಗಡಿಗೆ 'ದುಕಾ' ಎನ್ನುತ್ತಾರೆ. ನಮ್ಮ 'ಗಾಡಿ'ಯೂ 'ದುಕಾನ'ವೂ ಹಡಗು ಹತ್ತಿ ಹೋಗಿ ಅಲ್ಲಿ ನೆಲೆಸಿವೆ. ಬಂಡಿಯನ್ನು ಮಾಡಿದವನು ಇಂಗ್ಲೆಂಡಿನವನು, ಕೊಂಡವನೂ ಅವನೇ ಇರಬಹುದು. ಆದರೆ ಕೆಟ್ಟಾಗ ಅದರ ಕೆಳಗೆ ಮಲಗಿದವನು ಯಾರೆಂಬುದನ್ನು ಆ ಮಾತುಗಳು ಇಂದಿಗೂ ಹೇಳುತ್ತಿವೆ.

ಇಂಥ ಒಬ್ಬ ಸಿಖ್ ಗ್ಯಾರೇಜಿನವರ ಮಗ ಜೋಗಿಂದರ್ ಸಿಂಗ್. 1932ರಲ್ಲಿ ಕೀನ್ಯಾದ ಕೆರಿಚೋ ಎಂಬಲ್ಲಿ ಹುಟ್ಟಿದವರು. ತಂದೆಯ ಗ್ಯಾರೇಜಿನಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡು ಕೆಲಸ ಕಲಿತರು. ಮೋಟಾರು ಸಂಘದ ಗಸ್ತಿನವರಾಗಿ, ದಾರಿಯಲ್ಲಿ ಕೆಟ್ಟು ನಿಂತ ಅನ್ಯರ ಬಂಡಿಗಳನ್ನು ರಿಪೇರಿ ಮಾಡಿಕೊಟ್ಟರು. 1959ರಿಂದ ಸಫಾರಿಯಲ್ಲಿ ಓಡಿಸತೊಡಗಿದರು. 1965ರಲ್ಲಿ ಅವರ ಕೈಯಲ್ಲಿದ್ದುದು ವೋಲ್ವೋ ಕಂಪೆನಿಯ ಪಿ.ವಿ. 544 ಎಂಬ ಗೂನುಬೆನ್ನಿನ ಕಾರು. ಹೊಸದಲ್ಲ, ಬೇರೆಯವರು ಪಂದ್ಯದಲ್ಲಿ ಓಡಿಸಿ ಬಿಟ್ಟುಹೋದ ಹಳೆಯ ಬಂಡಿ. ಆ ಮಾದರಿಯ ತಯಾರಿಕೆಯೇ ಅದೇ ವರ್ಷ ನಿಂತಿತು. ಪಕ್ಕದಲ್ಲಿ ಕುಳಿತವರು ತಮ್ಮ ಜಸ್ವಂತ್ ಸಿಂಗ್. ಹೊರಡುವ ಸರದಿಯಲ್ಲಿ ಮೊದಲ ಸಂಖ್ಯೆ ಅವರಿಗೆ ಬಂದಿತ್ತು. ಆದುದರಿಂದ ಮುಂದಿನವರ ಧೂಳು ಕುಡಿಯುವ ಪಾಡಿರಲಿಲ್ಲ. ಮೊದಲು ಹೊರಟವರು ಮೊದಲೇ ಬಂದರು. ಎರಡನೆಯವರಿಗೂ ಅವರಿಗೂ ಇದ್ದ ಅಂತರ ಒಂದು ಗಂಟೆ ನಲವತ್ತು ನಿಮಿಷ.

ದೊಡ್ಡ ಕಂಪೆನಿಗಳು ಹಡಗುಗಟ್ಟಲೆ ಸಾಮಾನು ತಂದು, ದಾರಿಯುದ್ದಕ್ಕೂ ಮೆಕ್ಯಾನಿಕ್ಕುಗಳನ್ನು ನಿಲ್ಲಿಸಿ ಸೋತ ಕಡೆ ಹಳೆಯ ಕಾರಿನ ಇಬ್ಬರು ಅಣ್ಣತಮ್ಮಂದಿರು ಗೆದ್ದುದು ಹೇಗೆ? ಅದೃಷ್ಟವೆಂದರೆ ಒಪ್ಪಲಾರೆ. ಜೋಗಿಂದರ್ ಸಿಂಗರು 22 ಸಲ ಸಫಾರಿಗೆ ಹೊರಟು 19 ಸಲ ಮುಗಿಸಿದವರು; ಮತ್ತೆ 1974ರಲ್ಲೂ 1976ರಲ್ಲೂ ಗೆದ್ದವರು. ಹತ್ತಕ್ಕೆ ಒಂದು ಬಂಡಿಯೂ ಉಳಿಯದ ವರ್ಷಗಳಿದ್ದ ಪಂದ್ಯದಲ್ಲಿ ಈ ಲೆಕ್ಕ ವೇಗದ್ದಲ್ಲ, ಬಂಡಿಯನ್ನು ಬಲ್ಲವನದು. ಬಂಡಿಯ ಕೆಳಗೆ ಮಲಗಿ ಗಾಯಗಳನ್ನು ಹೊಲಿದವನಿಗೆ ಯಾವ ಕಲ್ಲು ಯಾವ ಗಾಯ ಮಾಡುತ್ತದೆ ಎಂಬುದು ಸ್ಟಿಯರಿಂಗ್ ಹಿಡಿದಾಗಲೂ ನೆನಪಿರುತ್ತದೆ. ಎಲ್ಲಿ ಜಾರಬೇಕು, ಎಲ್ಲಿ ನಿಧಾನಿಸಬೇಕು, ಯಾವ ಸದ್ದು ಗಾರ್ಡಿನದು, ಯಾವುದು ಚೇಂಬರಿನದು ಎಂದು ಅವನ ಕಿವಿಗೆ ತಿಳಿಯುತ್ತದೆ.

ಕೀನ್ಯಾ ಸ್ವತಂತ್ರವಾದುದು 1963ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಬಿಳಿಯರಿಗೆ ಒಂದು ಮಣೆ, ಭಾರತೀಯರಿಗೆ ಇನ್ನೊಂದು, ಕರಿಯರಿಗೆ ನೆಲ. ಸಫಾರಿಯ ಗೆದ್ದವರ ಪಟ್ಟಿಯಲ್ಲೂ ಬಂಡಿಯ ಚಾಲಕನ ಸ್ಥಾನದಲ್ಲಿ ಯೂರೋಪಿನವರದೇ ಹೆಸರುಗಳು. ಸ್ವಾತಂತ್ರ್ಯ ಬಂದು ಒಂದೂವರೆ ವರ್ಷವೂ ತುಂಬದೆ ಪಗಡಿ ತೊಟ್ಟ ಸ್ಥಳೀಯನೊಬ್ಬ ಆ ಪಟ್ಟಿಯ ತಲೆಗೆ ಬಂದುದು ಬರಿಯ ಆಟದ ಸಮಾಚಾರವಾಗಿ ಉಳಿಯಲಿಲ್ಲ. 'ಸಿಂಬಾ', ಎಂದರೆ ಸಿಂಹ, ಎಂದು ಜನ ಅವರನ್ನು ಕರೆದರು. ಸಿಂಗ್ ಎಂಬುದಕ್ಕೂ ಅದೇ ಅರ್ಥವೆಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ಭಾಷಾಂತರ ಮಾತ್ರ ಅಚ್ಚುಕಟ್ಟಾಗಿದೆ. 2013ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಎಲ್ಲ ಮನೆಗಳಿಗೂ ಕಾಲ ಹೀಗೆ ಒಲಿಯಲಿಲ್ಲ. 1972ರಲ್ಲಿ ಉಗಾಂಡಾದ ಇದಿ ಅಮೀನ್ ಅಲ್ಲಿಯ ಏಷ್ಯದವರಿಗೆ 90 ದಿನಗಳ ಗಡುವು ಕೊಟ್ಟು ನಾಡು ಬಿಡಿಸಿದ. ಹಾಗೆ ನೆಲೆ ತಪ್ಪಿದ ಕುಟುಂಬಗಳಲ್ಲಿ ಉಗಾಂಡಾದಲ್ಲಿ ಹುಟ್ಟಿದ ಶೇಖರ್ ಮೆಹತಾ ಅವರದೂ ಒಂದು. ಕೀನ್ಯಾದ ಕಡೆಯಿಂದ ಅವರು ಮರುವರ್ಷ, 1973ರಲ್ಲಿ, ಡಾಟ್ಸನ್ ಕಾರಿನಲ್ಲಿ ಸಫಾರಿ ಗೆದ್ದರು. ಕೊನೆಯಲ್ಲಿ ಇಬ್ಬರ ದಂಡದ ಲೆಕ್ಕ ಸಮನಾಗಿ, ಬೇರೆ ನಿಯಮ ಹಚ್ಚಿ ಗೆಲುವನ್ನು ತೀರ್ಮಾನಿಸಬೇಕಾಯಿತು. ಆಮೇಲೆ 1979ರಿಂದ 1982ರವರೆಗೆ ನಾಲ್ಕು ವರ್ಷ ಒಂದೇ ಸಮನೆ ಅವರೇ ಗೆದ್ದರು. 1973ರಲ್ಲಿ ವಿಶ್ವ ಪಂದ್ಯಾವಳಿಗೆ ಸೇರಿದ ಸಫಾರಿ 2002ರ ನಂತರ ಅದರಿಂದ ಹೊರಗುಳಿದು, 2021ರಲ್ಲಿ ನೈವಾಶಾ ಸರೋವರದ ಸುತ್ತಿನಲ್ಲಿ ಮತ್ತೆ ಸೇರಿತು. ದಾರಿ ಈಗ ಮೊದಲಿನಷ್ಟು ಉದ್ದವಿಲ್ಲ. ಕಲ್ಲುಗಳು ಅವೇ.

ಇನ್ನು ನಮ್ಮ ಜೀಪು. ಡ್ರೈವರು ಟಾರ್ಚು ಹಿಡಿದು ಕೆಳಗೆ ತೂರಿದ. ಕಿರುಬೆರಳು ಹೋಗುವಷ್ಟು ತೂತು. ನಮ್ಮ ಗುಂಪಿನವರೊಬ್ಬರು ಬಟ್ಟೆ ಸೋಪು ಮೆತ್ತುವ ಸಲಹೆ ಕೊಟ್ಟರು. "ಅದು ಪೆಟ್ರೋಲ್ ಟ್ಯಾಂಕಿಗೆ ಆಗ್ತದೆ ಸಾರ್, ಬಿಸಿ ಎಣ್ಣೆಗೆ ಕರ್ಗೋಗ್ತದೆ" ಎಂದು ಆತ ತಳ್ಳಿಹಾಕಿದ. ಬೇಲಿಯ ಕಾಫಿ ಗಿಡದಿಂದ ಒಂದು ಕಡ್ಡಿ ಮುರಿದು, ಚೂರಿಯಿಂದ ಗೂಟದಂತೆ ಚೂಪು ಮಾಡಿ, ತನ್ನ ಕರವಸ್ತ್ರದ ಚೂರು ಸುತ್ತಿ, ಕಲ್ಲಿನಿಂದ ಮೆಲ್ಲಗೆ ಹೊಡೆದು ಕೂರಿಸಿದ. ಹೊರಗೆ ಉಳಿದ ತುದಿಯನ್ನು ಕೊಯ್ದ. ಡಬ್ಬದಲ್ಲಿದ್ದ ಎಣ್ಣೆಯನ್ನೆಲ್ಲ ಸುರಿದ. ಆಮೇಲೆ ಸೀಟಿನ ಕೆಳಗಿನಿಂದ ಗಾರ್ಡನ್ನು ಎಳೆದು, ಬೋಲ್ಟುಗಳಿಲ್ಲದ್ದಕ್ಕೆ ಕಟ್ಟುತಂತಿಯಿಂದ ನಾಲ್ಕು ಮೂಲೆಗೂ ಬಿಗಿದ. ಅಷ್ಟೂ ಹೊತ್ತು ಮತಯಂತ್ರದ ಪೆಟ್ಟಿಗೆಗಳ ಮೇಲೆ ಕೊಡೆ ಹಿಡಿದು ನಿಂತದ್ದೇ ನನ್ನ ಪಾಲಿನ ಸೇವೆ. ರಾತ್ರಿ ಒಂಬತ್ತೂವರೆಗೆ ಮತಗಟ್ಟೆ ಮುಟ್ಟಿದೆವು. ಬೆಳಗಿನ ಹೊತ್ತಿಗೆ ಬಾಗಿಲು ತೆರೆಯಿತು. ಮೊದಲ ಓಟು ಹಾಕಿದವರು ಮೂರು ಮೈಲಿ ನಡೆದು ಬಂದಿದ್ದ ಒಬ್ಬ ಮುದುಕಿ.

ಎರಡು ತಿಂಗಳ ಮೇಲೆ ಪೇಟೆಯಲ್ಲಿ ಆ ಡ್ರೈವರು ಸಿಕ್ಕಿದ. ಚೇಂಬರು ಬಿಚ್ಚಿಸಿ ತೂತಿಗೆ ಬ್ರೇಜಿಂಗ್ ಮಾಡಿಸಿದನಂತೆ, ಗಾರ್ಡಿಗೆ ಹೊಸ ಬೋಲ್ಟು ಹಾಕಿಸಿದನಂತೆ. ಗೂಟ ಏನಾಯಿತೆಂದು ಕೇಳಿದೆ. ಜೀಪಿನ ಗೂಡಿಗೆ ಕೈಹಾಕಿ, ಎಣ್ಣೆ ಕುಡಿದು ಕಪ್ಪಾಗಿದ್ದ ಆ ಕಡ್ಡಿಯ ಚೂರನ್ನು ತೆಗೆದು ತೋರಿಸಿ, "ಬಿಚ್ಚೋಕೆ ಬಾಳ ಕಷ್ಟ ಆಯ್ತು ಮೇಷ್ಟ್ರೇ" ಎಂದ.